ಸ್ವೋಪಜ್ಞವೃತ್ತಿಯೂ ಗೀತಸಂಪುಟವೂ: ಪಾಲ್ ಮೆಕಾರ್ಟ್ನಿಯವರ 1970ರ ಟಿಪ್ಪಣಿಗಳನ್ನು ಕುರಿತು

ಸೂತ್ರವನ್ನು ರಚಿಸಿದವನೇ ಅದಕ್ಕೆ ವೃತ್ತಿಯನ್ನೂ ಬರೆಯುವುದು ಭಾರತೀಯ ಶಾಸ್ತ್ರಸಂಪ್ರದಾಯಕ್ಕೆ ಹೊಸದಲ್ಲ. ವಾಮನನು ತನ್ನ ಕಾವ್ಯಾಲಂಕಾರಸೂತ್ರಗಳಿಗೆ ತಾನೇ ವೃತ್ತಿಯನ್ನು ಬರೆದನು; ಕನ್ನಡದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದ ಕಂದಪದ್ಯಗಳಿಗೆ ವೃತ್ತಿಯನ್ನು ತಾನೇ ಹೊಂದಿಸಿದನು. ಇಂತಹ ಬರಹಕ್ಕೆ ಸ್ವೋಪಜ್ಞವೃತ್ತಿಯೆಂದು ಹೆಸರು. ಶಾಸ್ತ್ರಗ್ರಂಥದಲ್ಲಿ ಇದರ ಪ್ರಾಮಾಣ್ಯಕ್ಕೆ ತೊಡಕಿಲ್ಲ. ಸೂತ್ರಕಾರನು ಏನನ್ನು ಹೇಳಹೊರಟನೋ ಅದೇ ಸೂತ್ರದ ಅರ್ಥವಷ್ಟೆ. ಆದರೆ ಕಲಾಕೃತಿಯ ವಿಷಯದಲ್ಲಿ ಮಾತು ಬೇರೆಯಾಗುತ್ತದೆ. ಕೃತಿಯು ಕರ್ತೃವಿನ ಕೈಯನ್ನು ಬಿಟ್ಟ ಬಳಿಕ ಸಹೃದಯನಿಗೂ ಅದರಲ್ಲಿ ಒಂದು ಅಧಿಕಾರವುಂಟು. ಹಾಗಿರುವಲ್ಲಿ ಕರ್ತೃವು ತನ್ನ ಕೃತಿಯನ್ನು ಕುರಿತು ಹೇಳುವ ಮಾತುಗಳಲ್ಲಿ ಯಾವುದು ಪ್ರಮಾಣ, ಯಾವುದು ಅಲ್ಲ? ಮುನ್ನುಡಿ, ಅರಿಕೆ, ಸಂದರ್ಶನಗಳು ಕೃತಿಗಿಂತಲೂ ದಪ್ಪವಾಗಿ ಬೆಳೆದಿರುವ ಕಾಲದಲ್ಲಿ ಸಾಹಿತ್ಯವನ್ನು ಬೋಧಿಸುವವರು ಈ ಪ್ರಶ್ನೆಯನ್ನು ದಿನವೂ ಎದುರಿಸಬೇಕಾಗಿದೆ. ಇದರ ಪರೀಕ್ಷೆಗೆ ಪದ್ಯಕ್ಕಿಂತ ಹಾಡಿನ ಕ್ಷೇತ್ರವೇ ಅನುಕೂಲವಾದುದು. ಅಲ್ಲಿ ಕೃತಿಯು ಹುಟ್ಟಿದ ಬಗೆಗೆ ಹೊರಗಿನ ಗುರುತುಗಳು ಹೆಚ್ಚಾಗಿ ಉಳಿದಿರುತ್ತವೆ. ಆಂಗ್ಲ ಗಾಯಕ ಪಾಲ್ ಮೆಕಾರ್ಟ್ನಿಯವರು 1970ರ ಏಪ್ರಿಲಿನಲ್ಲಿ ಹೊರತಂದ, ತಮ್ಮ ಹೆಸರನ್ನೇ ಹೊತ್ತ ಗೀತಸಂಪುಟವೂ, ಅದರೊಂದಿಗೆ ಪತ್ರಿಕಾಕರ್ತರಿಗಾಗಿ ಅವರು ಸಿದ್ಧಪಡಿಸಿದ ಬರಹವೂ ಇದಕ್ಕೆ ಒಳ್ಳೆಯ ನಿದರ್ಶನಗಳು.

ಸಂದರ್ಭವನ್ನು ಸಂಕ್ಷೇಪವಾಗಿ ತಿಳಿದರೆ ಸಾಕು. ಬೀಟಲ್ಸ್ ಎಂಬ ನಾಲ್ವರ ವೃಂದದಿಂದ ತಾವು ಹೊರಡುವುದಾಗಿ ಜಾನ್ ಲೆನ್ನನ್ ಅವರು 1969ರ ಸೆಪ್ಟೆಂಬರಿನಲ್ಲಿಯೇ ಒಳಗಿನವರಿಗೆ ತಿಳಿಸಿದ್ದರು. ಹೊರಗೆ ಈ ಸುದ್ದಿ ಹರಡಿರಲಿಲ್ಲ. ಆ ವರ್ಷದ ಕೊನೆಯಲ್ಲಿ ಮೆಕಾರ್ಟ್ನಿಯವರು ಲಂಡನ್ನಿನ ಸೇಂಟ್ ಜಾನ್ಸ್ ವುಡ್ ಪ್ರದೇಶದಲ್ಲಿದ್ದ ತಮ್ಮ ಮನೆಗೆ ಸ್ಟೂಡರ್ ಎಂಬ ಸಂಸ್ಥೆಯ ನಾಲ್ಕು ಪಥಗಳ ಧ್ವನಿಮುದ್ರಣಯಂತ್ರವನ್ನು ತರಿಸಿದರು. ವಾದ್ಯಗಳೆಲ್ಲವನ್ನೂ ತಾವೊಬ್ಬರೇ ನುಡಿಸಿದರು. ದನಿಗೂಡಿಸಲು ಪತ್ನಿ ಲಿಂಡಾ ಅವರೊಬ್ಬರೇ ಇದ್ದರು. ಕೆಲಸವು ಮುಂದೆ ವಿಲ್ಸ್‌ಡನ್ನಿನ ಮಾರ್ಗನ್ ಮುದ್ರಣಾಲಯಕ್ಕೂ, ಕೊನೆಗೆ ಆ್ಯಬಿ ರೋಡಿನ ಇ.ಎಂ.ಐ. ಸಂಸ್ಥೆಯ ಮುದ್ರಣಾಲಯಕ್ಕೂ ಸಾಗಿತು. ಅಲ್ಲಿ ಬಿಲ್ಲಿ ಮಾರ್ಟಿನ್ ಎಂಬ ಹುಸಿಹೆಸರಿನಲ್ಲಿ ಸಮಯವನ್ನು ಕಾದಿರಿಸಲಾಗಿತ್ತು. 13 ಖಂಡಗಳ, ಸುಮಾರು 35 ನಿಮಿಷಗಳ ಆ ಸಂಪುಟವು ಇಂಗ್ಲೆಂಡಿನಲ್ಲಿ 1970ರ ಏಪ್ರಿಲ್ 17ರಂದು ಪ್ರಕಟವಾಯಿತು. ಮುದ್ರೆಯು ಅವರೂ ಪಾಲುಗಾರರಾಗಿದ್ದ ಆ್ಯಪಲ್ ಸಂಸ್ಥೆಯದು. ಆದುದರಿಂದ ಸ್ವತಂತ್ರನೆಂಬ ಮಾತನ್ನು ಇಲ್ಲಿ ವ್ಯಾಪಾರದ ಅರ್ಥದಲ್ಲಿ ತೆಗೆದುಕೊಳ್ಳಬಾರದು. ವೃಂದದಿಂದ, ನಿರ್ಮಾಪಕನಿಂದ, ಅನ್ಯರ ಕಿವಿಯ ತೀರ್ಪಿನಿಂದ ಬಿಡಿಸಿಕೊಂಡವನೆಂದಷ್ಟೇ ಅದರ ಅರ್ಥ. ಆ ಅರ್ಥದಲ್ಲಿ ಮಾತ್ರ ಆ ಸ್ವಾತಂತ್ರ್ಯವು ಪೂರ್ಣವಾಗಿದ್ದಿತು.

ಪತ್ರಿಕೆಗಳಿಗೆ ಹೋದ ಪ್ರತಿಗಳೊಡನೆ ಎರಡು ಬಗೆಯ ಬರಹಗಳಿದ್ದುವು. ಒಂದು, ಪ್ರತಿಯೊಂದು ಖಂಡಕ್ಕೂ ಬರೆದ ಚಿಕ್ಕ ಟಿಪ್ಪಣಿ. ಮತ್ತೊಂದು, ಪ್ರಶ್ನೋತ್ತರ ರೂಪದ ಹೇಳಿಕೆ. ಲೋಕವು ಓದಿದುದು ಎರಡನೆಯದನ್ನು. ಲೆನ್ನನ್ ಅವರೊಡನೆ ಗೀತರಚನೆಯ ಜೊತೆಗಾರಿಕೆ ಮತ್ತೆ ನಡೆಯುವುದೇ ಎಂಬ ಪ್ರಶ್ನೆಗೆ ಇಲ್ಲವೆಂಬ ಒಂದೇ ಪದದ ಉತ್ತರವಿದ್ದಿತು. ಏಪ್ರಿಲ್ 10ರ ವೃತ್ತಪತ್ರಿಕೆಗಳಿಗೆ ಅಷ್ಟೇ ಸಾಕಾಯಿತು. ವೃಂದವು ಒಡೆಯಿತೆಂಬ ಸುದ್ದಿಯು ದೇಶದೇಶಗಳಿಗೆ ಹರಡಿ, ಇನ್ನೂ ಅಂಗಡಿಗೆ ಬಾರದಿದ್ದ ಸಂಪುಟವು ಆ ಸುದ್ದಿಗೆ ಒಂದು ಅಡಿಟಿಪ್ಪಣಿಯಾಗಿ ಹೋಯಿತು. ಖಂಡಟಿಪ್ಪಣಿಗಳನ್ನಾದರೋ ಕೇಳುವವರಾರೂ ಇರಲಿಲ್ಲ. ಅಂಗಡಿಯಲ್ಲಿ ತಟ್ಟೆಯನ್ನು ಕೊಂಡ ಸಾಮಾನ್ಯ ಶ್ರೋತೃವಿನ ಕೈಗೆ ಅವು ಸೇರಲೂ ಇಲ್ಲ. ಸೂತ್ರವು ಒಂದು ದಾರಿಯಲ್ಲಿಯೂ ವೃತ್ತಿಯು ಮತ್ತೊಂದು ದಾರಿಯಲ್ಲಿಯೂ ಹೋದಂತಾಯಿತು.

ಆ ಟಿಪ್ಪಣಿಗಳು ಎಂತಹ ಬರಹವೆಂಬುದನ್ನು ಮೊದಲು ನೋಡತಕ್ಕುದು. ಹಾಡಿನ ಭಾವವೇನು, ಸಂದೇಶವೇನು ಎಂಬ ಮಾತು ಅವುಗಳಲ್ಲಿ ಬಹುಮಟ್ಟಿಗೆ ಇಲ್ಲ. ಎಲ್ಲಿ ಬರೆದದ್ದು, ಯಾವಾಗ ಬರೆದದ್ದು, ಯಾವ ವಾದ್ಯವನ್ನು ಮೊದಲು ಮುದ್ರಿಸಿ ಯಾವುದನ್ನು ಅದರ ಮೇಲೆ ಹೊದಿಸಿದ್ದು, ಎಲ್ಲಿ ಮುಗಿಸಿದ್ದು: ಇಷ್ಟೇ ಅವುಗಳ ವಿಷಯ. ಬಡಗಿಯು ತಾನು ಮಾಡಿದ ಮಂಚವನ್ನು ತೋರಿಸುತ್ತ ಇದು ತೇಗ, ಇದು ಹಲಸು, ಈ ಕಾಲು ಆಮೇಲೆ ಸೇರಿಸಿದ್ದು ಎನ್ನುವಂತಹ ಭಾಷೆ ಅದು. ಈ ಭಾಷೆಯನ್ನು ಅರಿಯಬೇಕಾದರೆ ಯಂತ್ರದ ಕ್ರಮವನ್ನು ತುಸು ತಿಳಿಯಬೇಕಾಗುವುದು. ಒಂದೇ ನಾಡದ ಉದ್ದಕ್ಕೂ ಸಮಾನಾಂತರವಾಗಿ ನಾಲ್ಕು ಪಥಗಳು ಓಡುತ್ತವೆ. ಒಂದರಲ್ಲಿ ಗಿಟಾರನ್ನೂ ಕಂಠವನ್ನೂ ಮುದ್ರಿಸಿ, ಅದನ್ನು ಕಿವಿಯಲ್ಲಿ ಕೇಳುತ್ತ ಎರಡನೆಯದರಲ್ಲಿ ಮತ್ತೊಂದು ಗಿಟಾರನ್ನು ಮುದ್ರಿಸಬಹುದು. ಹೀಗೆ ಒಬ್ಬನೇ ಮನುಷ್ಯನು ನಾಲ್ವರಾಗಿ ಮೇಳಗೂಡಬಹುದು. ಸಾಮಾನ್ಯವಾಗಿ ಹಲವು ಧ್ವನಿಗ್ರಾಹಕಗಳ ನಾದವನ್ನು ಹದಗೊಳಿಸುವುದಕ್ಕೆ ಮಿಶ್ರಣಫಲಕವೂ, ನಾದದ ಪ್ರಮಾಣವನ್ನು ತೋರಿಸುವುದಕ್ಕೆ ಸೂಜಿಯ ಮಾಪಕವೂ ಇರುತ್ತವೆ. ಮೆಕಾರ್ಟ್ನಿಯವರ ಮನೆಯಲ್ಲಿ ಇವೆರಡೂ ಇರಲಿಲ್ಲ, ಮೈಕು ಒಂದೇ. ಡ್ರಮ್ಮಿನ ನಾದ ಹೆಚ್ಚಾದರೆ ಮೈಕನ್ನು ದೂರ ಸರಿಸುವುದು, ಕಡಮೆಯಾದರೆ ಹತ್ತಿರ ತರುವುದು, ಮುದ್ರಿಸಿ ಕೇಳುವುದು, ಒಡೆದುಹೋಗಿದ್ದರೆ ಮತ್ತೆ ಮುದ್ರಿಸುವುದು: ಇದೇ ವಿಧಾನ. ಈ ಸಲಕರಣೆಗಳು ಬರಬೇಕಾಗಿದ್ದು ಟಿಪ್ಪಣಿ ಬರೆಯುವ ಹೊತ್ತಿಗೂ ಬಂದಿಲ್ಲವೆಂದು ಅವರು ಕಂಸದೊಳಗೆ ಸೇರಿಸಿರುವ ಗೊಣಗಾಟವು ಇಡೀ ಬರಹದಲ್ಲಿ ಹಾಸ್ಯದ ಒಂದು ಗೆರೆಯಾಗಿದೆ.

ಮೊದಲನೆಯ ಖಂಡವಾದ 'ದಿ ಲವ್ಲಿ ಲಿಂಡಾ' ಒಂದು ನಿಮಿಷವನ್ನೂ ತುಂಬದು. ಯಂತ್ರವನ್ನು ಪರೀಕ್ಷಿಸುವುದಕ್ಕಾಗಿಯೇ ಅದನ್ನು ಹಾಡಿದ್ದೆಂದೂ, ತಾಳಕ್ಕೆ ಪುಸ್ತಕವೊಂದರ ಮೇಲೆ ಅಂಗೈಯನ್ನು ತಟ್ಟಿದ್ದೆಂದೂ ಟಿಪ್ಪಣಿಯು ಹೇಳುತ್ತದೆ. ಹಾಡು ಮುಗಿಯುವಲ್ಲಿ ಒಂದು ನಗೆ ತಾನಾಗಿ ಸಿಡಿದು ಅದೂ ಉಳಿದುಕೊಂಡಿದೆ. ಟಿಪ್ಪಣಿಯನ್ನು ಓದದವನಿಗೆ ಇದೊಂದು ಕೃತಕವಾದ ಸಹಜತೆಯೆಂದು ತೋರಬಹುದು. ಓದಿದವನಿಗೆ ಅದು ಕೈಗೂಡಿದ ಯಂತ್ರದ ಮುಂದೆ ಹುಟ್ಟಿದ ನಗೆಯೆಂದು ತಿಳಿಯುತ್ತದೆ. ಇಲ್ಲಿ ಕರ್ತೃವಿನ ಮಾತು ಕೇಳ್ಮೆಯನ್ನು ತಿದ್ದುತ್ತದೆ. 'ವ್ಯಾಲೆಂಟೈನ್ ಡೇ' ಎಂಬ ವಾದ್ಯಖಂಡದ ಟಿಪ್ಪಣಿಯಲ್ಲಿ ಗಿಟಾರು ಮೊದಲೆಂದು ಹೇಳಿ, ಒಡನೆಯೇ ಡ್ರಮ್ಮು ಮೊದಲಿದ್ದೀತು ಎಂದು ತಾವೇ ಸಂಶಯಪಡುತ್ತಾರೆ. ಸಾಕ್ಷಿಯು ತನ್ನ ಮರೆವನ್ನು ಒಪ್ಪಿಕೊಂಡಲ್ಲಿ ಉಳಿದ ಹೇಳಿಕೆಗಳ ಬೆಲೆ ಹೆಚ್ಚುವುದೆಂಬುದು ನ್ಯಾಯಸ್ಥಾನದ ಅನುಭವ. ಮಾಡಿದ ಕೆಲಸದ ವಿಷಯದಲ್ಲಿ ಈ ಟಿಪ್ಪಣಿಗಳನ್ನು ನಂಬಬಹುದೆನ್ನುವುದಕ್ಕೆ ಇದೇ ಮುಖ್ಯವಾದ ಕಾರಣ.

ಇನ್ನು ಈ ಸಂಪುಟದ ಮೇಲೆ ಹೊರಿಸಲ್ಪಟ್ಟ ಮುಖ್ಯ ದೋಷವನ್ನು ವಿಚಾರಿಸಬೇಕು. ಶೈಲಿಗಳು ಇದರಲ್ಲಿ ಚದರಿವೆ. ಬ್ಲೂಸ್ ಛಾಯೆಯ ಒಂದೇ ಸಾಲಿನ ಪುನರಾವೃತ್ತಿ, ಪಾಲಿನೀಷ್ಯದ ದ್ವೀಪಗೀತವನ್ನು ನೆನಪಿಗೆ ತರುವ ಹಗುರವಾದ ವಾದ್ಯಖಂಡ, ಹಳ್ಳಿಗಾಡಿನ ಅಮೆರಿಕನ್ ಮಟ್ಟಿನ ಯುಗಳಗೀತ, ಲಾಲಿಯಂತೆ ಮೆಲ್ಲನೆ ಸಾಗುವ ಹಾಡು, ಗಡುಸಾದ ರಾಕ್, ಮದ್ಯದ ಗಾಜಿನ ಬಟ್ಟಲುಗಳ ಅಂಚನ್ನು ತೀಡಿ ತೆಗೆದ ನಾದಗಳ ಗುಂಪು, ಕೊನೆಗೆ ಡ್ರಮ್ಮುಗಳ ಬೇಟೆ: ಒಂದಾದ ಮೇಲೊಂದು ಬರುವ ಇವುಗಳಲ್ಲಿ ಏಕಸೂತ್ರತೆ ಕಾಣದೆಂದು ಹಲವರು ಆಕ್ಷೇಪಿಸಿದರು. ಕೌಶಲದ ಮೆರವಣಿಗೆಯೆಂದು ಕೆಲವರು, ಗೊತ್ತುಗುರಿಯಿಲ್ಲದ ಸೋಮಾರಿತನವೆಂದು ಮತ್ತೆ ಕೆಲವರು ತಿಳಿದರು. ಎರಡು ಊಹೆಗಳೂ ಟಿಪ್ಪಣಿಗಳ ಮುಂದೆ ನಿಲ್ಲಲಾರವು.

ಟಿಪ್ಪಣಿಗಳು ಕೊಡುವ ಊರು ವರ್ಷಗಳನ್ನು ಮಾತ್ರ ಆಯ್ದು ಒಂದೆಡೆ ಇಟ್ಟು ನೋಡಿದರೆ ಒಂದು ಸಂಗತಿ ತಾನಾಗಿ ಹೊಳೆಯುತ್ತದೆ. 'ಹಾಟ್ ಆ್ಯಸ್ ಸನ್' 1958 ಅಥವಾ 59ರ ಸುಮಾರಿನದು. ಅದನ್ನು ಕಟ್ಟಿದವನು ಲಿವರ್‌ಪೂಲಿನ ಹದಿಹರೆಯದ ಹುಡುಗ. 'ಜಂಕ್' ಮತ್ತು 'ಟೆಡ್ಡಿ ಬಾಯ್' ಎಂಬಿವು 1968ರಲ್ಲಿ ಹೃಷೀಕೇಶದ ಮಹರ್ಷಿ ಮಹೇಶ ಯೋಗಿಗಳ ಆಶ್ರಮದಲ್ಲಿ ಮೊದಲಾದುವು. 'ದಟ್ ವುಡ್ ಬಿ ಸಮ್‌ಥಿಂಗ್' 1969ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿತು. 'ಎವ್ರಿ ನೈಟ್' ಹಾಡಿನ ಮೊದಲೆರಡು ಸಾಲುಗಳು ಕೆಲವು ವರ್ಷಗಳಿಂದ ಕೈಯಲ್ಲಿದ್ದು, ಉಳಿದದ್ದು 1969ರಲ್ಲಿ ಗ್ರೀಸಿನ ಒಂದು ಕಡಲೂರಿನಲ್ಲಿ ಬಂದು ಸೇರಿತು. 'ಮ್ಯಾನ್ ವಿ ವಾಸ್ ಲೋನ್ಲಿ' ಎಂಬುದರ ಪಲ್ಲವಿಯಾದರೋ ಮುದ್ರಣವು ಮುಗಿಯುತ್ತಿದ್ದಾಗ ಮನೆಯಲ್ಲಿ ಹಾಸಿಗೆಯ ಮೇಲೆ ಹುಟ್ಟಿ, ನಡುವಣ ಭಾಗವು ಅದನ್ನು ಮುದ್ರಿಸಬೇಕಾದ ದಿನದ ಊಟದ ಹೊತ್ತಿನಲ್ಲಿ ಸಿದ್ಧವಾಯಿತು. ಎಂದರೆ ಮೊದಲಿನದಕ್ಕೂ ಕೊನೆಯದಕ್ಕೂ ಹನ್ನೊಂದು ಹನ್ನೆರಡು ವರ್ಷಗಳ ಅಂತರವಿದೆ. ಈ ಸಂಪುಟದ ವೈವಿಧ್ಯವು ಶೈಲಿಗಳ ವೈವಿಧ್ಯವಲ್ಲ, ವಯಸ್ಸುಗಳ ವೈವಿಧ್ಯ. ಒಬ್ಬ ಮನುಷ್ಯನು ಹದಿನಾರರಿಂದ ಇಪ್ಪತ್ತೇಳರವರೆಗೆ ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬಂದುದನ್ನು ಒಂದೇ ಚಳಿಗಾಲದಲ್ಲಿ ಹೊರಗೆ ಹರಡಿದ್ದಾನೆ. ನಾಲ್ವರ ವೃಂದದಲ್ಲಿದ್ದಷ್ಟು ಕಾಲವೂ ಹಾಡೊಂದು ಹೊರಬರಬೇಕಾದರೆ ಉಳಿದ ಮೂವರ ರುಚಿಯ ಜರಡಿಯಲ್ಲಿ ಇಳಿಯಬೇಕಾಗಿದ್ದಿತು. 'ಟೆಡ್ಡಿ ಬಾಯ್' ಅಂತಹ ಜರಡಿಯಲ್ಲಿ ಸಿಕ್ಕಿಕೊಂಡ ಹಾಡೇ. ವೃಂದದ ಚಲಚ್ಚಿತ್ರಕ್ಕಾಗಿ ಅದನ್ನು ಮುದ್ರಿಸಿ ಬಳಿಕ ಕೈಬಿಟ್ಟುದನ್ನು ಟಿಪ್ಪಣಿಯು ಕಹಿಯಿಲ್ಲದೆ ಹೇಳುತ್ತದೆ. ಜರಡಿಯು ಹೋದ ಮೇಲೆ ಕಾಳೂ ಬಂದಿತು, ಹೊಟ್ಟೂ ಬಂದಿತು.

ಏಕತೆಯಿಲ್ಲವೆಂದೂ ಹೇಳಲಾಗದು. ಅದು ರಾಗದಲ್ಲಿಲ್ಲ, ಮಟ್ಟಿನಲ್ಲಿಲ್ಲ; ಕೈಯಲ್ಲಿದೆ. ಎಲ್ಲ ಖಂಡಗಳಲ್ಲಿಯೂ ಡ್ರಮ್ಮನ್ನು ನುಡಿಸುವವನು ಡ್ರಮ್ಮಿನ ಪಂಡಿತನಲ್ಲ, ಬಾಸ್ ಗಿಟಾರನ್ನು ನುಡಿಸುವವನು ಮಾತ್ರ ಆ ವಾದ್ಯದಲ್ಲಿ ಪ್ರಪಂಚಕ್ಕೇ ಮಾದರಿಯಾದವನು. ಈ ಏರುಪೇರು ಮೊದಲಿನಿಂದ ಕೊನೆಯವರೆಗೆ ಬದಲಾಗದೆ ಉಳಿದು, ಬೇರೆ ಬೇರೆ ವಯಸ್ಸಿನ ಹಾಡುಗಳಿಗೆ ಒಂದೇ ಮನೆತನದ ಮುಖಲಕ್ಷಣವನ್ನು ಕೊಟ್ಟಿದೆ.

'ಜಂಕ್' ಎಂಬ ಹಾಡನ್ನು ಸ್ವಲ್ಪ ನಿಂತು ನೋಡುವುದು ಯೋಗ್ಯ. ಗಂಗೆಯ ತೀರದಲ್ಲಿ ಹುಟ್ಟಿದ ಹಾಡೆಂದು ಕೇಳಿ ಅದರಲ್ಲಿ ಭಾರತೀಯ ಪ್ರಭಾವವನ್ನು ಹುಡುಕಹೊರಟವರು ಬರಿಗೈಯಲ್ಲಿ ಹಿಂದಿರುಗಬೇಕಾದೀತು. ರಾಗಚ್ಛಾಯೆಯಿಲ್ಲ, ತಂಬೂರಿಯ ಶ್ರುತಿಯಿಲ್ಲ. ಅದರ ವಸ್ತುವು ಹಳೆಯ ಸಾಮಾನುಗಳ ಅಂಗಡಿ. ಯಾರೋ ಒಂದು ಕಾಲದಲ್ಲಿ ಮೆಚ್ಚಿ ಕೊಂಡು, ಮತ್ತಾರೋ ಬೇಡವೆಂದು ಬಿಸುಟ ವಸ್ತುಗಳ ಪಟ್ಟಿ. ದೂರದೇಶದ ಆಶ್ರಮದಲ್ಲಿ ಕುಳಿತ ಇಂಗ್ಲಿಷ್ ಯುವಕನಿಗೆ ತನ್ನ ಊರಿನ ಗುಜರಿಯಂಗಡಿಯು ನೆನಪಾದುದೇ ಇಲ್ಲಿನ ಸ್ವಾರಸ್ಯ. ವಿರಹವು ಮನುಷ್ಯರನ್ನು ಬಿಟ್ಟು ವಸ್ತುಗಳನ್ನು ಆಶ್ರಯಿಸಿದೆ. ಸಾಮಾನುಗಳ ಹೆಸರುಗಳನ್ನು ಹೇಳುತ್ತ ಹೋಗುವುದರಿಂದಲೇ ಕರುಣವು ವ್ಯಂಗ್ಯವಾಗಿ ಹೊರಡುತ್ತದೆ. ವಾಚ್ಯವಾಗಿ ದುಃಖದ ಮಾತು ಅತ್ಯಲ್ಪ. ಈ ಗುಣವನ್ನು ಟಿಪ್ಪಣಿಯು ಹೇಳುವುದಿಲ್ಲ. ಅದು ಹೇಳುವುದು ಇಷ್ಟೇ: ಕಂಠ, ಎರಡು ಗಿಟಾರು, ಬಾಸ್ ಗಿಟಾರು ಮನೆಯಲ್ಲಿ ಮುದ್ರಿತವಾದುವು, ಕುಂಚಗಳಿಂದ ನುಡಿಸಿದ ಡ್ರಮ್ಮೂ, ಒಂದು ಪುಟ್ಟ ಕಾಷ್ಠತರಂಗವೂ ಮಾರ್ಗನ್ನಿನಲ್ಲಿ ಸೇರಿದುವು. ಧ್ವನಿಯು ಎಲ್ಲಿದೆಯೆಂಬುದನ್ನು ಕರ್ತೃವು ಹೇಳಲಿಲ್ಲವೆಂದು ದೂರುವುದು ಸಲ್ಲದು. ಹೇಳಿದ್ದರೆ ಹಾಡಿಗೆ ನಷ್ಟವಾಗುತ್ತಿತ್ತು.

ಆದರೆ ಇದೇ ಹಾಡಿನ ಬಗೆಗೆ ಟಿಪ್ಪಣಿಯು ಬೇರೊಂದು ಉಪಕಾರವನ್ನು ಮಾಡಿದೆ. ಸಂಪುಟದ ಎರಡನೆಯ ಮಗ್ಗುಲಲ್ಲಿ 'ಸಿಂಗಲಾಂಗ್ ಜಂಕ್' ಎಂಬ ಹೆಸರಿನಿಂದ ಇದೇ ಮಟ್ಟು ಮಾತಿಲ್ಲದೆ ಮತ್ತೆ ಬರುತ್ತದೆ. ಕೇಳುವವನು ಅದನ್ನು ಮೊದಲಿನ ಹಾಡಿನ ಅನುರಣನವೆಂದು, ಮಾತುಗಳನ್ನು ಕಳೆದ ನೆನಪೆಂದು ತಿಳಿಯುತ್ತಾನೆ. ನಡೆದುದು ಇದಕ್ಕೆ ವಿಪರೀತ. ಮಾತಿಲ್ಲದ ರೂಪವೇ ಮೊದಲನೆಯ ಮುದ್ರಣ. ಹಾಡಿದ, ಹ್ರಸ್ವವಾದ ರೂಪವು ಎರಡನೆಯದು. ಮಾತಿಲ್ಲದ ರೂಪದಲ್ಲಿ ಕೇಳುವ ತಂತಿವಾದ್ಯಗಳೂ ತಂತಿವಾದ್ಯಗಳಲ್ಲ, ಮೆಲ್ಲೊಟ್ರಾನ್ ಎಂಬ ಯಂತ್ರದ್ದು. ಪ್ರತಿಯೊಂದು ಮನೆಯನ್ನು ಒತ್ತಿದಾಗಲೂ ಮೊದಲೇ ಮುದ್ರಿಸಿಟ್ಟ ನಾದದ ತುಣುಕೊಂದು ಅದರಲ್ಲಿ ಓಡುತ್ತದೆ. ಇಷ್ಟು ತಿಳಿದ ಮೇಲೆ ಕೇಳಿದ ಕ್ರಮವು ತಪ್ಪೆಂದೇ? ಹಾಗಲ್ಲ. ಕೃತಿಯ ಕ್ರಮವೇ ಬೇರೆ, ಕರ್ಮದ ಕ್ರಮವೇ ಬೇರೆ. ಮೆಕಾರ್ಟ್ನಿಯವರು ಮೊದಲು ಹುಟ್ಟಿದುದನ್ನು ಹಿಂದಕ್ಕೆ ಇಟ್ಟುದರಿಂದ ಅದು ನೆನಪಿನ ಅರ್ಥವನ್ನು ಪಡೆಯಿತು. ಆ ಅರ್ಥವು ಜೋಡಣೆಯಿಂದ ಬಂದುದು, ಆದರೂ ನಿಜವಾದುದು. ಟಿಪ್ಪಣಿಯು ಇಲ್ಲದಿದ್ದರೆ ಜೋಡಣೆಯೂ ಒಂದು ರಚನೆಯೆಂಬುದು ಕಣ್ಣಿಗೆ ಬೀಳುತ್ತಿರಲಿಲ್ಲ. ಎರಡು ವಾದ್ಯಖಂಡಗಳು ಅಕಸ್ಮಾತ್ತಾಗಿ ಒಂದರೊಳಗೊಂದು ಹರಿದು 'ಮಾಮಾ ಮಿಸ್ ಅಮೆರಿಕಾ' ಆದ ಕಥೆಯೂ ಇದೇ ಜಾತಿಯದು. ಆಕಸ್ಮಿಕವು ಒಪ್ಪಿತವಾದಾಗ ಅದು ಕೃತಿಯಾಯಿತು.

ಟಿಪ್ಪಣಿಯ ಮಾತು ಸೋಲುವುದು ಬೆಲೆಯ ವಿಷಯದಲ್ಲಿ. 'ಮೇಬಿ ಐ'ಮ್ ಅಮೇಜ್ಡ್' ಈ ಸಂಪುಟದ ಅತ್ಯುತ್ತಮ ಹಾಡೆಂಬುದರಲ್ಲಿ ಭಿನ್ನಾಭಿಪ್ರಾಯಗಳು ಅಪರೂಪ. 1970ರಲ್ಲಿ ಅದು ಬಿಡಿತಟ್ಟೆಯಾಗಿ ಬರದಿದ್ದರೂ, ಅನಂತರದ ವಿಂಗ್ಸ್ ಎಂಬ ವೃಂದದೊಡನೆ ಸಭೆಗಳಲ್ಲಿ ಹಾಡಿದ ರೂಪವು 1977ರಲ್ಲಿ ಪ್ರಕಟವಾಗಿ ಅಮೆರಿಕೆಯ ಮೊದಲ ಹತ್ತರೊಳಗೆ ಸೇರಿತು. ಪ್ರೀತಿಯಿಂದ ಕಂಗೆಟ್ಟವನು ಆ ಪ್ರೀತಿಗೇ ಅಂಜುವ ಭಾವಶಬಲತೆ, ಪಿಯಾನೊವಿನ ಮೇಲೆ ಮೆಟ್ಟಲು ಮೆಟ್ಟಲಾಗಿ ಇಳಿಯುವ ಸ್ವರಸಂಘಗಳು, ಕಂಠವು ಒಡೆಯುವ ಅಂಚಿನವರೆಗೆ ಏರುವುದು: ಇವೆಲ್ಲವನ್ನೂ ಒಬ್ಬನೇ ನುಡಿಸಿ ಹಾಡಿದ್ದಾನೆಂಬುದು ಕೇಳುವಾಗ ಮರೆತುಹೋಗುತ್ತದೆ. ಟಿಪ್ಪಣಿಯಾದರೋ ಎರಡನೆಯ ಚರಣವು ತುಸು ತಡವಾಗಿ ಸೇರಿತೆಂದು ಹೇಳಿ, ಅದು ಯಾರಿಗೆ ಬೇಕೆಂಬ ಧಾಟಿಯ ಒಂದು ಕೊಂಕನ್ನು ತೂರಿಸಿ, ವಾದ್ಯಗಳ ಪಟ್ಟಿಯನ್ನು ಕೊಟ್ಟು ಮುಗಿದುಹೋಗುತ್ತದೆ.

ಇಷ್ಟರಲ್ಲಿಯೇ ಒಂದು ಮುಖ್ಯ ಸಂಗತಿಯಿದೆ. ಈ ಹಾಡು ಮನೆಯಲ್ಲಿ ಮುದ್ರಿತವಾದುದಲ್ಲ; ಇ.ಎಂ.ಐ. ಮುದ್ರಣಾಲಯದಲ್ಲಿ ಮುದ್ರಿತವಾದುದು. ಸಂಪುಟದ ಮತ್ತೊಂದು ಶ್ರೇಷ್ಠ ಹಾಡಾದ 'ಎವ್ರಿ ನೈಟ್' ಕೂಡ ಅಲ್ಲಿಯದೇ. ಒಂದು ಮೈಕು, ಒಂದು ಕೋಣೆ, ಒಬ್ಬ ಮನುಷ್ಯ ಎಂಬ ಚಿತ್ರವು ಸಂಪುಟದ ಸುತ್ತ ಪುರಾಣವಾಗಿ ಬೆಳೆದಿದೆ; ಮನೆಯಲ್ಲಿ ಮಾಡಿದುದೆಂಬ ಕಾರಣಕ್ಕೆ ಕೆಲವರು ಅದನ್ನು ಹೊಗಳಿದರು, ಅದೇ ಕಾರಣಕ್ಕೆ ಕೆಲವರು ತೆಗಳಿದರು. ಕರ್ತೃವು ಬರೆದ ಪಟ್ಟಿಯನ್ನು ಓದಿದ್ದರೆ ಇಬ್ಬರೂ ತಮ್ಮ ಮಾತನ್ನು ತಿದ್ದಿಕೊಳ್ಳಬೇಕಾಗುತ್ತಿತ್ತು. ಮನೆಯ ಯಂತ್ರವು ಕೊಟ್ಟುದು ನಿರ್ಭಯತೆಯನ್ನು. ಅತ್ಯುತ್ತಮವಾದ ಎರಡು ಹಾಡುಗಳಿಗೆ ಅವರೇ ದೊಡ್ಡ ಮುದ್ರಣಾಲಯವನ್ನು ಅರಸಿಕೊಂಡು ಹೋದರು. ಯಾವ ಹಾಡಿಗೆ ಯಾವ ಜಾಗವೆಂಬ ಈ ಆಯ್ಕೆಯೇ ಅವರ ಮೌಲ್ಯನಿರ್ಣಯ. ಬಾಯಿಂದ ಹೊರಡದ ತೀರ್ಪು ನಡತೆಯಿಂದ ಹೊರಟಿದೆ.

ಇದಕ್ಕೆ ಎದುರಾಗಿ ಅತ್ಯಂತ ದೀರ್ಘವಾದ ಟಿಪ್ಪಣಿಯು ಕೊನೆಯ ಖಂಡವಾದ 'ಕ್ರೀನ್ ಅಕ್ರೋರೆ'ಗೆ ಮೀಸಲಾಗಿದೆ. ಬ್ರೆಜಿಲಿನ ಕಾಡಿನಲ್ಲಿ ಹೊರಗಿನವರ ಕಣ್ಣಿಗೆ ಬೀಳದೆ ಬಾಳುತ್ತಿದ್ದ ಜನಾಂಗವೊಂದನ್ನು ಕುರಿತ ಚಿತ್ರವನ್ನು ದೂರದರ್ಶನದಲ್ಲಿ ನೋಡಿ, ಮರುದಿನ ಊಟವಾದ ಮೇಲೆ ಡ್ರಮ್ಮಿನ ಮುಂದೆ ಕುಳಿತು, ಅವರ ಬೇಟೆಯ ಭಾವವನ್ನು ಹಿಡಿಯಲು ಯತ್ನಿಸಿದುದಾಗಿ ಅವರು ಹೇಳುತ್ತಾರೆ. ಬಾಣದ ಸದ್ದಿಗೆ ನಿಜವಾದ ಬಿಲ್ಲು, ಅದು ಮುರಿದುದು, ಮುದ್ರಣಾಲಯದೊಳಗೆ ಹೊತ್ತಿಸಿದ ಬೆಂಕಿ, ಬೆಂಕಿಯ ಸದ್ದು ಬೇಡವಾಗಿ ಕಡ್ಡಿ ಮುರಿಯುವ ಸದ್ದು ಮಾತ್ರ ಉಳಿದುದು, ವೇಗ ಹೆಚ್ಚಿಸಿದ ಪ್ರಾಣಿಗಳ ಕೂಗು: ಈ ವಿವರಗಳು ಓದುವುದಕ್ಕೆ ರುಚಿಯಾಗಿವೆ, ಖಂಡವೇ ಅಷ್ಟು ರುಚಿಸುವುದಿಲ್ಲ. ಶಿಲ್ಪಿಯು ತಾನು ಗೆದ್ದ ಕಡೆಗಿಂತ ತೊಡಕಿಗೆ ಸಿಕ್ಕಿಕೊಂಡ ಕಡೆಯಲ್ಲಿ ಹೆಚ್ಚು ಮಾತಾಡುವನೆಂಬುದಕ್ಕೆ ಇದು ದೃಷ್ಟಾಂತ. ಟಿಪ್ಪಣಿಯ ಉದ್ದವನ್ನು ಕೃತಿಯ ಬೆಲೆಯ ಅಳತೆಗೋಲಾಗಿ ಹಿಡಿಯುವ ವಿದ್ಯಾರ್ಥಿಯು ಮೋಸಹೋಗುವನು.

ಆ ಜನರು ತಮ್ಮನ್ನು ಪನಾರಾ ಎಂದು ಕರೆದುಕೊಳ್ಳುತ್ತಾರೆ. ಕ್ರೀನ್ ಅಕ್ರೋರೆ ಎಂಬುದು ನೆರೆಯ ಕಯಪೊ ಜನಾಂಗದವರು ಇಟ್ಟ ಹೆಸರಿನ ಅಪಭ್ರಂಶ. 1970ರಲ್ಲಿ ಹೊರಗಿನವರಾರೂ ಅವರೊಡನೆ ಶಾಂತವಾಗಿ ಮಾತಾಡಿದ್ದಿಲ್ಲ. ಅವರ ಹಾಡನ್ನು ಕೇಳಿದ್ದವರಿಲ್ಲ. ಆದುದರಿಂದ ಈ ಖಂಡದಲ್ಲಿ ಅವರ ಸಂಗೀತವೆಂಬುದು ಒಂದು ಸ್ವರವೂ ಇಲ್ಲ, ಇರುವುದಕ್ಕೂ ಶಕ್ಯವಿರಲಿಲ್ಲ. 1973ರಲ್ಲಿ ಹೆದ್ದಾರಿಯೊಡನೆ ಹೊರಲೋಕವು ಅವರನ್ನು ಮುಟ್ಟಿತು. ರೋಗಗಳು ಹಬ್ಬಿ, 1975ರಲ್ಲಿ ಷಿಂಗು ರಕ್ಷಿತವನಕ್ಕೆ ಸಾಗಿಸಲ್ಪಟ್ಟಾಗ ಉಳಿದಿದ್ದವರು 79 ಮಂದಿ. 1990ರ ದಶಕದಲ್ಲಿ ಅವರು ತಮ್ಮ ಹಳೆಯ ನೆಲದ ಒಂದು ಭಾಗಕ್ಕೆ ಹಿಂದಿರುಗಿದರು. ಇದನ್ನು ತಿಳಿದ ಇಂದಿನ ಶ್ರೋತೃವಿಗೆ ಲಂಡನ್ನಿನ ಆ ಡ್ರಮ್ಮಿನ ಆಟವು ಹಗುರವಾಗಿ ಕೇಳಿಸಲಾರದು. ಬಿಳಿಯ ಜನರು ಆ ಕಾಡಿನವರ ಬಾಳನ್ನು ತಮ್ಮ ಬಾಳಿನಂತೆ ತಿದ್ದಹೊರಟಿರುವುದನ್ನು ಟಿಪ್ಪಣಿಯು ಹೇಳದೆ ಬಿಟ್ಟಿಲ್ಲವೆಂಬುದನ್ನೂ, ತಾನು ಮಾಡಿದುದು ಊಟದ ಮೇಲಣ ಡ್ರಮ್ಮಿನ ಕೆಲಸವೆಂದಷ್ಟೇ ಹೇಳಿಕೊಂಡು ಜಾನಪದ ಸಂಶೋಧನೆಯ ವೇಷವನ್ನು ತೊಟ್ಟಿಲ್ಲವೆಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು.

ಪ್ರಶ್ನೋತ್ತರಪತ್ರದ ಸ್ವಭಾವವೇ ಬೇರೆ. ಅಲ್ಲಿ ಸಂಪುಟದ ವಸ್ತುವನ್ನು ಮನೆ, ಸಂಸಾರ, ಪ್ರೀತಿ ಎಂಬ ಮೂರು ಪದಗಳಲ್ಲಿ ಮುಗಿಸಲಾಗಿದೆ. ಯಾವ ಕೃತಿಗೂ ಹೊಂದುವ ಇಂತಹ ಪದಗಳಿಂದ ಈ ಕೃತಿಗೆ ಬೆಳಕು ಬೀಳುವುದಿಲ್ಲ. ಪ್ರಶ್ನೆಗಳು ಯಾರ ಕೈಯಿಂದ ಬಂದುವೆಂಬ ವಿಷಯದಲ್ಲಿ ಅನಂತರದ ಹೇಳಿಕೆಗಳು ಒಂದನ್ನೊಂದು ಹೋಲವು. ಉತ್ತರಿಸುವವರ ಎದುರಿನಲ್ಲಿ ಮರುಪ್ರಶ್ನೆ ಹಾಕುವ ಒಬ್ಬನು ಕುಳಿತಿರಲಿಲ್ಲವೆಂಬುದು ಮಾತ್ರ ನಿರ್ವಿವಾದ. ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಸಿದ್ಧಾಂತಿಯೇ ಬರೆಯುವನು, ನಿಜ. ಆದರೆ ಎದುರಾಳಿಯು ಒಪ್ಪುವಷ್ಟು ಬಲವಾಗಿ ಅದನ್ನು ಬರೆಯಬೇಕೆಂಬುದು ಅಲ್ಲಿಯ ಮರ್ಯಾದೆ. ಇಲ್ಲಿ ಆ ಮರ್ಯಾದೆಯಿಲ್ಲ. ವೃಂದದ ಜಗಳದ ಕಾವು ಉತ್ತರಗಳ ಮೋಟುತನದಲ್ಲಿ ಕಾಣುತ್ತದೆ. ಅಮೆರಿಕೆಯ ರೋಲಿಂಗ್ ಸ್ಟೋನ್ ಪತ್ರಿಕೆಯ ವಿಮರ್ಶೆಯೂ ಹಾಡುಗಳೊಂದಿಗೆ ಈ ಪತ್ರವನ್ನೂ ತಕ್ಕಡಿಗೆ ಹಾಕಬೇಕಾಗಿ ಬಂದಿತು. ಜನರಾದರೋ ತಟ್ಟೆಯನ್ನು ಕೊಂಡರು. ಅಮೆರಿಕೆಯಲ್ಲಿ ಅದು ಮೂರು ವಾರ ಮೊದಲನೆಯ ಸ್ಥಾನದಲ್ಲಿದ್ದಿತು, ಇಂಗ್ಲೆಂಡಿನಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ಒಬ್ಬನೇ ಕರ್ತೃವಿನ, ಒಂದೇ ವಾರದ ಎರಡು ಬರಹಗಳಲ್ಲಿ ಒಂದು ನಂಬಿಕೆಗೆ ಅರ್ಹ, ಮತ್ತೊಂದು ಅಲ್ಲವೆಂದರೆ ಭೇದವು ವ್ಯಕ್ತಿಯ ಪ್ರಾಮಾಣಿಕತೆಯಲ್ಲಿಲ್ಲ, ವಿಷಯದಲ್ಲಿದೆ: ಒಂದು ಕೈ ಮಾಡಿದುದನ್ನು ಹೇಳುತ್ತದೆ, ಮತ್ತೊಂದು ಮನಸ್ಸು ಆ ಗಳಿಗೆಯಲ್ಲಿ ಇಚ್ಛಿಸಿದುದನ್ನು.

ಇಚ್ಛೆಯ ಮಾತುಗಳನ್ನು ಕಾಲವು ಹೇಗೆ ನಡೆಸಿಕೊಂಡಿತೆಂಬುದಕ್ಕೂ ಟಿಪ್ಪಣಿಗಳಲ್ಲಿಯೇ ಸಾಕ್ಷಿಯುಂಟು. 'ದಿ ಲವ್ಲಿ ಲಿಂಡಾ' ಮುಂದೆ ಬರಲಿರುವ ಪೂರ್ಣಗೀತದ ಮುನ್ಸೂಚನೆಯಷ್ಟೆ ಎಂದು ಬರೆಯಲಾಗಿದೆ. ಆ ಪೂರ್ಣಗೀತವು ಅವರ ಮುಂದಿನ ಸಂಪುಟಗಳಲ್ಲಿ ಬರಲಿಲ್ಲ. ಪರೀಕ್ಷೆಗೆಂದು ಹಾಡಿದ ತುಣುಕೇ ಹಾಡಾಗಿ ನಿಂತಿತು, ಇಂದು ಅದಕ್ಕೆ ಏನೂ ಕೊರೆಯಿದೆಯೆಂದು ತೋರುವುದೂ ಇಲ್ಲ. ಗಾಜಿನ ಬಟ್ಟಲುಗಳ ಖಂಡದ ಕೊನೆಯಲ್ಲಿ ಮುಖ ತೋರಿಸಿ ಮರೆಯಾಗುವ 'ಸೂಯಿಸೈಡ್' ಎಂಬ ಹಾಡು ಇನ್ನೂ ಮುಗಿದಿಲ್ಲವೆಂದಿದ್ದಾರೆ. ಅದರ ಹಳೆಯ ಮುದ್ರಣವು 2011ರ ಮರುಪ್ರಕಟಣೆಯಲ್ಲಿ ಅನುಬಂಧವಾಗಿ ಹೊರಬಂದಾಗ, ತುಣುಕಿನಲ್ಲಿದ್ದ ಕುತೂಹಲವು ಹಾಡಿನಲ್ಲಿಲ್ಲವೆಂಬುದು ತಿಳಿಯಿತು. ಹಾಗೆಯೇ 'ವ್ಯಾಲೆಂಟೈನ್ ಡೇ', 'ಮಾಮಾ ಮಿಸ್ ಅಮೆರಿಕಾ' ಎಂಬ ಎರಡೂ ಯಂತ್ರಪರೀಕ್ಷೆಯ ಚಿಂತೆಯಲ್ಲಿ ಹುಟ್ಟಿದುವೆಂಬ ಹೇಳಿಕೆಯನ್ನು ವಿಮರ್ಶಕನು ಕ್ಷಮಾಪಣೆಯೆಂದು ಸ್ವೀಕರಿಸುವಂತಿಲ್ಲ, ಅಲಕ್ಷ್ಯದ ಒಪ್ಪಿಗೆಯೆಂದು ಹಿಡಿದು ಗದರಿಸುವಂತೆಯೂ ಇಲ್ಲ. ಒಂದೇ ಪ್ರಯೋಜನಕ್ಕಾಗಿ ಹುಟ್ಟಿದ ಅವೆರಡರಲ್ಲಿ ಮೊದಲನೆಯದು ಸಪ್ಪೆ, ಎರಡನೆಯದರಲ್ಲಿ ಜೀವವಿದೆ. ಊಟವಾದ ಮೇಲೆ ಅವಸರದಲ್ಲಿ ಮಾತುಗಳನ್ನು ಪಡೆದ 'ಊ ಯೂ' ಆ ಅವಸರವನ್ನು ಮುಚ್ಚಲಾರದೆ ಹೋಗಿದೆ. ಅದೇ ಅವಸರದ 'ಮ್ಯಾನ್ ವಿ ವಾಸ್ ಲೋನ್ಲಿ' ಗೆದ್ದಿದೆ. ಹುಟ್ಟಿನ ವೃತ್ತಾಂತವು ಗುಣಕ್ಕೆ ಕಾರಣವನ್ನು ಕೊಡಬಹುದು, ಗುಣವನ್ನು ಕೊಡಲಾರದು.

ಮೆಕಾರ್ಟ್ನಿಯವರು ಇದೇ ಏಕಾಂಗವ್ರತವನ್ನು ಇನ್ನೆರಡು ಸಲ ಹಿಡಿದರು. 1979ರ ಬೇಸಗೆಯಲ್ಲಿ ಮನೆಯಲ್ಲಿಯೇ ಮುದ್ರಿಸಿ 1980ರಲ್ಲಿ ಪ್ರಕಟಿಸಿದ ಎರಡನೆಯ ಸಂಪುಟದಲ್ಲಿ ಪಥಗಳು ನಾಲ್ಕಲ್ಲ, ಹದಿನಾರು. ಆದರೂ ಮಿಶ್ರಣಫಲಕವನ್ನು ಬಿಟ್ಟು ಮೈಕನ್ನು ನೇರವಾಗಿ ಯಂತ್ರದ ಬೆನ್ನಿಗೆ ಸಿಕ್ಕಿಸುವ ಹಟವು ಹಾಗೆಯೇ ಇದ್ದಿತು. ಅಲ್ಲಿಯ ಖಂಡಗಳು ಹೆಚ್ಚಾಗಿ ಆ ಕೆಲವು ವಾರಗಳಲ್ಲಿಯೇ, ವಿದ್ಯುತ್ ಸ್ವರಯಂತ್ರಗಳ ಮುಂದೆ ಕುಳಿತಲ್ಲಿಯೇ ಹುಟ್ಟಿದವು. ಆದುದರಿಂದ ಅದರ ವೈವಿಧ್ಯವು ಉಪಕರಣಗಳದು, ವಯಸ್ಸುಗಳದಲ್ಲ, ಅಷ್ಟರ ಮಟ್ಟಿಗೆ ಕೃಶವಾದುದು. ಮೂರನೆಯದು ಮಹಾವ್ಯಾಧಿಯ ದಿಗ್ಬಂಧನದಲ್ಲಿ ಸಸೆಕ್ಸ್ ಪ್ರಾಂತದ ಅವರ ಸ್ವಂತ ಮುದ್ರಣಾಲಯದಲ್ಲಿ ಸಿದ್ಧವಾಗಿ 2020ರ ಡಿಸೆಂಬರ್ 18ರಂದು ಹೊರಬಂದಿತು. ಅದರ ಕೊನೆಯ ಹಾಡು 'ವೆನ್ ವಿಂಟರ್ ಕಮ್ಸ್' ಆ ವರ್ಷದ್ದಲ್ಲ. 1990ರ ದಶಕದ ಮೊದಲಲ್ಲಿ, ಬೀಟಲ್ಸ್ ವೃಂದದ ನಿರ್ಮಾಪಕರಾಗಿದ್ದ ಜಾರ್ಜ್ ಮಾರ್ಟಿನ್ ಅವರ ಜೊತೆಯಲ್ಲಿ ಮುದ್ರಿಸಿ ಇಟ್ಟಿದ್ದುದು. ಬೇಲಿಯನ್ನು ಸರಿಪಡಿಸಿ ಚಳಿಗಾಲಕ್ಕೆ ಅಣಿಯಾಗುವ ರೈತನ ಆ ಹಾಡಿನಲ್ಲಿ ಕಂಠವು ಉಳಿದ ಖಂಡಗಳಿಗಿಂತ ಸುಮಾರು ಮೂವತ್ತು ವರ್ಷ ಎಳೆಯದು. ಎಂಬತ್ತರ ಆಸುಪಾಸಿನ ಒಡೆದ ದನಿಯನ್ನು ಅದುವರೆಗೆ ಕೇಳಿದ ಕಿವಿಗೆ ಈ ಬದಲಾವಣೆಯು ಮೊದಲನೆಯ ಸಾಲಿನಲ್ಲಿಯೇ ಗೊತ್ತಾಗುತ್ತದೆ.